ಅಪ್‌ಡೇಟ್: ಅಂತರಗಂಗೆಗೆ ಹುಳಾನೂ ಬಿಟ್ವಿ, ಔಷಧೀನೂ ಹೊಡೆದ್ವಿ

ಮದ್ದೂರು ಕಡೆ ನಮ್ಮೂರ ಕೆರೇಲಿ ಅಂತರಗಂಗೆಗೆ (ನೀರ ಮೇಲೆ ತೇಲೋ ಕಳೆ, ವಾಟರ್ ಹಯಸಿಂತ್) ಅದನ್ನ ತಿನ್ನೋ ನಿಯೋಕೆಟಿನಾ ಮೂತಿಹುಳ ಬಿಟ್ಟಿದೀವಿ, ಈಗ ಕಳೆನಾಶಕ ಹೊಡುದ್ರೆ ಹುಳಾನೂ ಹೋಗ್ಬಿಡುತ್ತಾ ಅಂತ ಕೇಳಿದ್ನಲ್ಲ, ಅದರ ಅಪ್‌ಡೇಟ್. ಇಡೀ ಕೆರೆಗೆ ಹೊಡೀಲಿಲ್ಲ, ತೂಬಿನ ಹತ್ರ ಮಾತ್ರ 2,4-ಡಿ ಅನ್ನೋ ಕಳೆನಾಶಕ ಹೊಡೆದು ಆಚೆ ದಡದ ಪಟ್ಟಿ ಹಂಗೇ ಬಿಟ್ವಿ. ಯಾಕಂದ್ರೆ ಮರಿಹುಳ ಎಲೆತೊಟ್ಟಿನೊಳಗೆ ಕೊರ್ಕೊಂಡಿರುತ್ತೆ, ಅದರ ಕೋಶ (ಪ್ಯೂಪಾ, ಮರಿ ದೊಡ್ಡ ಹುಳ ಆಗೋ ಮುಂಚಿನ ಹಂತ) ನೀರೊಳಗೆ ಬೇರಿಗೆ ಅಂಟ್ಕೊಂಡಿರುತ್ತೆ, ಗಿಡ ಕೊಳೆತು ಮುಳುಗಿದ್ರೆ ಅವೂ ಖಲಾಸ್, ದೊಡ್ಡ ಹುಳ ಆದ್ರೆ ಪಕ್ಕದ ಹಸಿರು ಗಿಡಕ್ಕೆ ಹೋಗಿ ಬದುಕ್ಕೊಳ್ಳುತ್ತೆ. ಈಗ ಆ ಪಟ್ಟೀಲಿ ಎಲೆ ಮೇಲೆಲ್ಲ ಸಣ್ಣ ಸಣ್ಣ ಚೌಕ ಕೆರೆದ ಗುರ್ತು, ತೊಟ್ಟು ಸೀಳಿದ್ರೆ ಬಿಳೀ ಮರಿ! ಔಷಧಿ ಮಾತ್ರ ಗಾಳಿ ಇಲ್ದಾಗ ನೋಡ್ಕೊಂಡು ಹೊಡೀರಿ, ಪಕ್ಕದಲ್ಲಿ ಟೊಮ್ಯಾಟೊ ಇದ್ರೆ ಎಲೆ ಮುರುಟ್ಕೊಂಡು ಜಗಳಾನೇ ಆಗೋಯ್ತದೆ ಕಣ್ರಪ್ಪಾ. ಒಂದೇ ಸಲ ಎಲ್ಲಾ ಕೊಳೆತ್ರೆ ಆಕ್ಸಿಜನ್ ಇಲ್ದೆ ಮೀನು ಸಾಯ್ತವೆ, ಅದಕ್ಕೇ ಉಳಿದಿದ್ದನ್ನ ಮಳೆ ಮುಗುದ್ಮೇಲೆ ತುಂಡು ತುಂಡಾಗಿ ಹೊಡೀತೀವಿ.