ಹಾರ್ಟ್ ಅಟ್ಯಾಕ್ ಸ್ಯಾಂಪಲ್‌ಗಳಲ್ಲಿ ಮೈಆರ್-208ಎ ಸಿಗುತ್ತಿಲ್ಲ, ಸಹಾಯ ಮಾಡಿ

ಪ್ಲಾಸ್ಮಾ_ಪಾಡು: ತಲೆ ಕೆಟ್ಟುಹೋಗಿದೆ. ಮೈಆರ್-208ಎ ಎಂಬ ಮೈಕ್ರೋಆರ್‌ಎನ್‌ಎ (ಪುಟ್ಟ ಆರ್‌ಎನ್‌ಎ ತುಣುಕು) ಹೆಚ್ಚುಕಮ್ಮಿ ಹೃದಯದ ಸ್ನಾಯುವಿನಲ್ಲೇ ಇರುವುದು, ಸ್ನಾಯು ಸತ್ತಾಗ ರಕ್ತಕ್ಕೆ ಸೋರಬೇಕು ಅಲ್ವಾ? ಟ್ರೋಪೋನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಪ್ರೋಟೀನ್) ಜಾಸ್ತಿ ಇರುವ ರೋಗಿಗಳಲ್ಲೂ ಪಿಸಿಆರ್ ಸಿಟಿ (ಸಿಗ್ನಲ್ ಕಾಣಲು ಬೇಕಾದ ಸುತ್ತುಗಳ ಸಂಖ್ಯೆ, ಜಾಸ್ತಿ ಇದ್ದಷ್ಟೂ ಆರ್‌ಎನ್‌ಎ ಕಮ್ಮಿ) 38 ದಾಟುತ್ತಿದೆ. ಆರೋಗ್ಯವಂತರಲ್ಲಿ ಸಲೀಸಾಗಿ ಬರುವ ಮೈಆರ್-16 ಕೂಡ ಇವರಲ್ಲಿ ತಡ. ಕಿಟ್ ಬದಲಾಯಿಸಿದೆ, ಪ್ರೈಮರ್ ಬದಲಾಯಿಸಿದೆ, ಏನೂ ಉಪಯೋಗವಾಗಲಿಲ್ಲ. ಯು6 ಎಂಬ ಆರ್‌ಎನ್‌ಎಯನ್ನು ಹೋಲಿಕೆಯ ಅಳತೆಗೋಲಾಗಿಟ್ಟು ನಾರ್ಮಲೈಸ್ ಮಾಡುತ್ತಿದ್ದೇನೆ.

ಕೆಂಪುಕಣ: ಹಿಮೋಲಿಸಿಸ್, ಅಂದರೆ ಕೆಂಪು ರಕ್ತಕಣ ಒಡೆದಿರುವುದು. 414 ನ್ಯಾನೋಮೀಟರ್‌ನಲ್ಲಿ ರೀಡಿಂಗ್ ನೋಡಿ, ಮೈಆರ್-451 (ಕೆಂಪುಕಣದಲ್ಲಿ ತುಂಬಾ ಇರುವುದು) ಮತ್ತು 23ಎ (ಕಣ ಒಡೆದರೂ ಅಷ್ಟಾಗಿ ಬದಲಾಗದ್ದು) ಸಿಟಿ ವ್ಯತ್ಯಾಸ ನೋಡಿ. 7ಕ್ಕಿಂತ ಜಾಸ್ತಿ ಇದ್ದರೆ ಸ್ಯಾಂಪಲ್ ಕೆಟ್ಟಿದೆ.

ಪಿಪೆಟ್_ಗೆಳೆಯ: ಮೈಆರ್-16 ಕೂಡ ಕೆಂಪುಕಣದಲ್ಲಿ ತುಂಬಾ ಇದೆ, ಕಣ ಒಡೆದರೆ ಅದು ಬೇಗ ಬರಬೇಕು ಸರ್, ಇಲ್ಲಿ ತಡವಾಗುತ್ತಿದೆ. ಇನ್ನು ಯು6 ಬಿಡಿ, ಅದು ಕೋಶದ ಒಳಗಿನದು, ಪ್ಲಾಸ್ಮಾದಲ್ಲಿ ನಂಬುವ ಹಾಗಿಲ್ಲ.

ಕೆಂಪುಕಣ: ಯು6 ಬಳಸಿದ ಪೇಪರ್ ಎಷ್ಟೋ ಇವೆ. ಮೊದಲು 451 ನೋಡಲಿ.

ಹನಿ_ಎಣಿಕೆ: ನಮ್ಮಲ್ಲಿ ಎಲ್ಲಾ ಡ್ರಾಪ್ಲೆಟ್ ಡಿಜಿಟಲ್ ಪಿಸಿಆರ್‌ಗೆ ಹೋಗಿದ್ದೇವೆ. ಹನಿ ಹನಿಯಾಗಿ ಎಣಿಸುತ್ತದೆ, ಸ್ಟ್ಯಾಂಡರ್ಡ್ ಕರ್ವ್ ತಲೆನೋವೇ ಇಲ್ಲ.

ಪಿಪೆಟ್_ಗೆಳೆಯ: ಅದಕ್ಕಿಂತ ಮೊದಲಿನ ಆರ್‌ಟಿ (ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ) ಹಂತದಲ್ಲೇ ತಡೆ ಬಿದ್ದರೆ ಹನಿ ಎಣಿಸಿ ಏನು ಬಂತು? @ಪ್ಲಾಸ್ಮಾ_ಪಾಡು, ಯಾವ ಟ್ಯೂಬ್? ಸೆಲ್-ಮೈಆರ್-39 ಸ್ಪೈಕ್ (ಮನುಷ್ಯರಲ್ಲಿಲ್ಲದ, ಹುಳುವಿನ ಮೈಕ್ರೋಆರ್‌ಎನ್‌ಎ) ಹಾಕಿದ್ದೀರಾ? ರಕ್ತ ತೆಗೆದದ್ದು ಯಾವಾಗ?

ಪ್ಲಾಸ್ಮಾ_ಪಾಡು: ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬೇ. ಸ್ಪೈಕ್ ಹಾಕಿದ್ದೇನೆ, ಅದೂ ರೋಗಿಗಳಲ್ಲಿ ಮಾತ್ರ ತಡವಾಗಿದೆ. ರಕ್ತ ತೆಗೆದದ್ದು ಆಂಜಿಯೋಪ್ಲಾಸ್ಟಿ ಆದ ಕೂಡಲೇ.

ಪಿಪೆಟ್_ಗೆಳೆಯ: ಸಿಕ್ಕಿತು ನೋಡಿ. ಟ್ಯೂಬಿನಲ್ಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಇಲ್ಲ, ರೋಗಿಯ ಮೈಯಲ್ಲೇ ಇದೆ! ಆಂಜಿಯೋಪ್ಲಾಸ್ಟಿಗೆ ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ. ಅದು ಆರ್‌ಎನ್‌ಎ ಜೊತೆಗೇ ಶುದ್ಧೀಕರಿಸುವ ಕಾಲಮ್ ದಾಟಿ ಬಂದು ಕಿಣ್ವಗಳನ್ನು ತಡೆಯುತ್ತದೆ. ಹೊರಗಿನಿಂದ ಒಂದೇ ಅಳತೆಯಲ್ಲಿ ಹಾಕಿದ ಸ್ಪೈಕ್ ರೋಗಿಗಳಲ್ಲಷ್ಟೇ ಹಿಂದೆ ಬೀಳುತ್ತಿದೆ ಎಂದರೆ ಬೇರೆ ಸಾಕ್ಷಿ ಬೇಕಾ? ಆರ್‌ಎನ್‌ಎಯನ್ನು 10 ಪಟ್ಟು ತೆಳು ಮಾಡಿ ಮತ್ತೆ ಹಾಕಿ. ತಡೆ ಇಲ್ಲದಿದ್ದರೆ ಸಿಟಿ ಸುಮಾರು 3.3 ಏರಬೇಕು.

ಪ್ಲಾಸ್ಮಾ_ಪಾಡು: ಮಾಡಿದೆ. ಏರುವುದಿರಲಿ, ರೋಗಿಗಳ ಸ್ಪೈಕ್ ಇನ್ನೂ ಬೇಗ ಬಂತು. ಈ ಸ್ಯಾಂಪಲ್‌ಗಳನ್ನು ಉಳಿಸಿಕೊಳ್ಳಬಹುದಾ?

ಪಿಪೆಟ್_ಗೆಳೆಯ: ಆರ್‌ಟಿಗೆ ಮುಂಚೆ ಹೆಪಾರಿನೇಸ್ (ಹೆಪಾರಿನ್ ಒಡೆಯುವ ಕಿಣ್ವ) ಹಾಕಿ, ಜೊತೆಗೆ ಆರ್‌ಎನ್‌ಏಸ್ ಇನ್ಹಿಬಿಟರ್ (ಆರ್‌ಎನ್‌ಎ ಒಡೆಯದಂತೆ ಕಾಯುವುದು) ಇರಲೇಬೇಕು. ಆರೋಗ್ಯವಂತರ ಸ್ಯಾಂಪಲ್‌ಗಳಿಗೂ ಅದನ್ನೇ ಮಾಡಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಹೊಸ ರೋಗಿಗಳಲ್ಲಿ ಹೆಪಾರಿನ್ ಕೊಡುವ ಮುಂಚೆಯೇ ಒಂದು ಟ್ಯೂಬ್ ತೆಗೆಸಿ.

ಕೆಂಪುಕಣ: 451 ಕೂಡ ಒಮ್ಮೆ ನೋಡಿ.