ಪಾಚಿಗಟ್ಟಿ ಬಿರುಕು ಬಿಟ್ಟ ಕಾಂಕ್ರೀಟ್ ಕಾಲುದಾರಿ: ಒಡೆಸದೆ ಸರಿಪಡಿಸಿಕೊಂಡವರ ಅನುಭವಗಳು

ಪ್ರಶ್ನೆ: ಗೇಟಿನಿಂದ ಹಿತ್ತಲ ಬಾವಿಯವರೆಗಿನ ನಮ್ಮ ಮೂರಡಿ ಅಗಲದ ಹಳೆಯ ಕಾಂಕ್ರೀಟ್ ದಾರಿ ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತದೆ. ಅಲ್ಲಲ್ಲಿ ಬಿರುಕುಗಳಿವೆ, ಒಂದು ಕಡೆ ಕುಸಿದಿದೆ. ಮನೆಯಲ್ಲಿ ವಯಸ್ಸಾದ ತಾಯಿಯವರಿದ್ದಾರೆ. ಪೂರ್ತಿ ಒಡೆಸದೆ ನಾವೇ ಸರಿಪಡಿಸಿಕೊಳ್ಳಬಹುದೇ?

ತೀರ್ಥಹಳ್ಳಿಯಿಂದ: ಖಂಡಿತ ಸಾಧ್ಯವಿದೆ. ಆದರೆ ಸಿಮೆಂಟ್ ತರುವ ಮೊದಲು, ಜೋರು ಮಳೆ ಸುರಿಯುವಾಗ ಕೊಡೆ ಹಿಡಿದು ಹೊರಗೆ ನಿಂತು, ನೀರು ಎಲ್ಲಿಂದ ಹರಿದು ಬಂದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಳ್ಳಿ. ನಮ್ಮ ದಾರಿ ಕುಸಿಯಲು ಕಾಂಕ್ರೀಟು ಕಾರಣವಾಗಿರಲಿಲ್ಲ. ಮಾಡಿನ ನೀರು ಅದರ ಅಂಚಿಗೇ ಬಿದ್ದು ಅಡಿಯ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮಾಡಿನ ಅಂಚಿಗೆ ದಂಬೆ (ಮಳೆನೀರನ್ನು ಹಿಡಿದು ಹರಿಸುವ ದೋಣಿ) ಕಟ್ಟಿ, ದಾರಿಯ ಮೇಲ್ಬದಿಗೆ ಸಣ್ಣ ಕಾಲುವೆ ತೋಡಿದ ಮೇಲೆಯೇ ನಾವು ಮುಂದಿನ ಕೆಲಸಕ್ಕೆ ಕೈಹಾಕಿದೆವು. ನೀರಿನ ದಾರಿ ಸರಿಯಾಗದೆ ಮಾಡಿದ ಯಾವ ರಿಪೇರಿಯೂ ಬಾಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಂತರ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬರುವ ಭಾಗವನ್ನು ಉಳಿಸಿಕೊಂಡು, ಪೊಳ್ಳು ಸದ್ದು ಬರುವುದನ್ನು ಮತ್ತು ಕುಸಿದಿರುವುದನ್ನು ಮಾತ್ರ ಒಡೆದು ತೆಗೆಯಿರಿ. ಅಲ್ಲಿ ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡಿ, ಜಲ್ಲಿ ಹಾಸಿ, ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟನ್ನು ನಾಲ್ಕು ಇಂಚು ದಪ್ಪಕ್ಕೆ ತುಂಬಬೇಕು. ಕಲಸುವುದು ಸುಲಭವಾಗಲೆಂದು ನೀರು ಹೆಚ್ಚು ಹಾಕಿದರೆ ಮೇಲ್ಮೈ ಬೇಗ ಪುಡಿಪುಡಿಯಾಗುತ್ತದೆ. ಮೂರಡಿ ಅಗಲಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಇಳಿಜಾರನ್ನು ಒಂದೇ ಬದಿಗೆ ಕೊಡಿ. ಮೇಲೆ ತೇಲಿದ ನೀರು ಆರಿ, ಕಾಂಕ್ರೀಟು ಪೂರ್ತಿ ಗಟ್ಟಿಯಾಗುವ ಮುನ್ನ, ಕಡ್ಡಿಪೊರಕೆಯನ್ನು ನಡೆಯುವ ದಿಕ್ಕಿಗೆ ಅಡ್ಡವಾಗಿ ಒಂದೇ ಎಳೆತದಲ್ಲಿ ಎಳೆದರೆ ಸಣ್ಣ ಗೀರುಗಳು ಮೂಡುತ್ತವೆ. ವಯಸ್ಸಾದವರ ಪಾದಕ್ಕೆ ಹಿಡಿತ ಸಿಗುವುದು ಈ ಗೀರುಗಳಿಂದಲೇ. ಆಮೇಲೆ ಕನಿಷ್ಠ 7 ದಿನ ಒದ್ದೆ ಗೋಣಿಚೀಲ ಹೊದಿಸಿಡಿ.

ಕೂದಲೆಳೆಯಷ್ಟು ಸಣ್ಣ ಬಿರುಕುಗಳನ್ನು ಹಾಗೆಯೇ ಬಿಡಬಹುದು. ಅಗಲವಾದವುಗಳನ್ನು ಉಳಿಯಿಂದ ಇನ್ನಷ್ಟು ಬಿಡಿಸಿ, ದೂಳು ತೆಗೆದು, ಒದ್ದೆ ಮಾಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಲ್ಯಾಟೆಕ್ಸ್ ದ್ರಾವಣ (ಗಾರೆ ಹಳೆಯದಕ್ಕೆ ಚೆನ್ನಾಗಿ ಅಂಟಲು ಬೆರೆಸುವ ದ್ರವ) ಬೆರೆಸಿದ ಗಾರೆಯಿಂದ ತುಂಬಿ. ಅಂದ ಕಾಣಲೆಂದು ಇಡೀ ದಾರಿಗೆ ತೆಳುವಾಗಿ ಸಿಮೆಂಟ್ ಬಳಿಯುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ; ಹಳೆಯದಕ್ಕೆ ಬೆಸುಗೆಯಾಗದ ಆ ಪದರ ಹಪ್ಪಳದಂತೆ ಎದ್ದು ಬರುತ್ತದೆ.

ಮೈಸೂರಿನಿಂದ: ಕೆಳಗಿನ ಕಾಂಕ್ರೀಟು ಅಲುಗಾಡದಿದ್ದರೆ, ಅದರ ಮೇಲೆಯೇ ಪಾಲಿಶ್ ಮಾಡದ ಶಹಾಬಾದ್ ಕಲ್ಲನ್ನು ಗಾರೆಯಲ್ಲಿ ಕೂರಿಸುವುದು ನನಗೆ ಹೆಚ್ಚು ಹಿಡಿಸಿದ ಪರಿಹಾರ. ಹಳೆಯ ಮೇಲ್ಮೈಯನ್ನು ಉಳಿಯಿಂದ ಕಚ್ಚು ಮಾಡಿ ಒರಟಾಗಿಸಿ, ಸಿಮೆಂಟ್ ಹಾಲು (ನೀರಿನಲ್ಲಿ ಕದಡಿದ ಸಿಮೆಂಟ್) ಬಳಿದು, ಅದು ಹಸಿಯಿರುವಾಗಲೇ ಕಲ್ಲು ಕೂರಿಸಬೇಕು. ದಾರಿಯ ಮಟ್ಟ ಎರಡು ಇಂಚಿನಷ್ಟು ಏರುವುದರಿಂದ ಗೇಟು ತೆರೆಯುತ್ತದೆಯೇ, ಮಳೆನೀರು ಹೊಸ್ತಿಲಿನತ್ತ ತಿರುಗುತ್ತದೆಯೇ ಎಂದು ಮೊದಲೇ ಅಳೆದು ನೋಡಿಕೊಳ್ಳಿ.

ಪುತ್ತೂರಿನಿಂದ: ಪಾಚಿಗೆ ನಾವು ಬ್ಲೀಚಿಂಗ್ ಪುಡಿಯನ್ನು ನೀರಿನಲ್ಲಿ ಕದಡಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಡುಸಾದ ಬ್ರಷ್ಷಿನಿಂದ ಉಜ್ಜುತ್ತೇವೆ. ಇದರ ಜೊತೆಗೆ ಅಥವಾ ಇದರ ಬೆನ್ನಿಗೇ ಆಸಿಡ್ ಬಳಸಲೇಬಾರದು. ಎರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ನಿಮ್ಮ ದಾರಿ ಬಾವಿಯವರೆಗೂ ಇರುವುದರಿಂದ ಬಾವಿಕಟ್ಟೆಯ ಹತ್ತಿರ ಪುಡಿಯನ್ನೂ ಹಾಕದೆ ಬರಿಯ ನೀರು ಮತ್ತು ಬ್ರಷ್ಷಿನಲ್ಲೇ ತಿಕ್ಕಿ. ದಾರಿಯ ಮೇಲೆ ಬಾಗಿದ ಗೆಲ್ಲುಗಳನ್ನು ಮಳೆಗಾಲಕ್ಕೆ ಮುಂಚೆ ಕಡಿದು ಬಿಸಿಲು ಬೀಳುವಂತೆ ಮಾಡಿದರೆ ಪಾಚಿ ಕಟ್ಟುವುದೂ ಕಡಿಮೆಯಾಗುತ್ತದೆ.