ಕೂಲಂಟ್ ಇಳೀತಿದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ: ಹಳೇ ಆಕ್ಟೇವಿಯಾ ಆರ್‌ಎಸ್ ಇಟ್ಟುಕೊಂಡವರ ಅನುಭವ

ಹುಬ್ಬಳ್ಳಿಯಿಂದ ಬಂದ ಪ್ರಶ್ನೆ

ನನ್ನದು 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 1.8 ಟರ್ಬೊ ಪೆಟ್ರೋಲ್. ಒಂದೂವರೆ ಲಕ್ಷ ಕಿ.ಮೀ. ದಾಟಿದೆ. ಎರಡು ವಾರಕ್ಕೊಮ್ಮೆ ಹತ್ತಿರ ಹತ್ತಿರ ಕಾಲು ಲೀಟರ್ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಹಾಕಬೇಕಾಗಿದೆ. ಪಾರ್ಕಿಂಗ್ ಜಾಗದಲ್ಲಿ ಕಲೆ ಇಲ್ಲ, ಬಿಳಿ ಹೊಗೆ ಇಲ್ಲ, ಟೆಂಪರೇಚರ್ ಮುಳ್ಳು 90 ಬಿಟ್ಟು ಅಲ್ಲಾಡಲ್ಲ. ಗ್ಯಾರೇಜಿನವರು ‘ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ, ಹೆಡ್ ಇಳಿಸಬೇಕು’ ಅಂತಿದ್ದಾರೆ. ಇದೇ ಗಾಡಿ ಇಟ್ಟುಕೊಂಡವರು ಯಾರಾದರೂ ಇದನ್ನು ಅನುಭವಿಸಿದ್ದೀರಾ? ಒಪ್ಪಿಕೊಳ್ಳಲಾ?

ಬೆಂಗಳೂರಿನಿಂದ

ದಯವಿಟ್ಟು ಇವತ್ತೇ ಒಪ್ಪಬೇಡಿ. ಗ್ಯಾಸ್ಕೆಟ್ ಹೋಗಿರಲೂಬಹುದು. ಆದರೆ ಅದಕ್ಕೆ ಸಾಕ್ಷಿ ಏನು ಅಂತ ಅವರು ನಿಮಗೆ ತೋರಿಸಿಲ್ಲ.

ಮೊದಲು ಆ ಮುಳ್ಳಿನ ಮಾತು. ಈ ಕಾಲದ ಮೀಟರ್‌ಗಳಲ್ಲಿ ಮುಳ್ಳು ಬೇಕಂತಲೇ 90ರಲ್ಲಿ ನಿಲ್ಲುವ ಹಾಗೆ ಮಾಡಿರುತ್ತಾರೆ. ನಿಜವಾದ ಶಾಖ ಸ್ವಲ್ಪ ಕೆಳಗಿದ್ದರೂ ಅಷ್ಟೇ, ನೂರು ಮುಟ್ಟಿದರೂ ಅಷ್ಟೇ. ಅದನ್ನು ನಂಬಿಕೊಂಡು ಸಮಾಧಾನ ಪಡಬೇಡಿ. ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಉಪಕರಣ) ಹಾಕಿದರೆ ಸರಿಯಾದ ಡಿಗ್ರಿ ಸಿಗುತ್ತದೆ, ಟ್ರಾಫಿಕ್‌ನಲ್ಲಿ ಎಷ್ಟು, ಹೆದ್ದಾರಿಯಲ್ಲಿ ಎಷ್ಟು ಅಂತ ನೋಡಿ.

ಎಲ್ಲಿ ಸೋರುತ್ತಿದೆ ಅಂತ ಹುಡುಕುವ ಮುಂಚೆ ಯಾವಾಗ ಇಳಿಯುತ್ತಿದೆ ಅಂತ ತಿಳಿದುಕೊಳ್ಳಬೇಕು. ಕೂಲಂಟ್ ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಒಂದೇ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನೋಡಿ. ಬಿಸಿ ಇದ್ದಾಗ ಮಟ್ಟ ಏರಿರುತ್ತದೆ, ಆಗ ನೋಡಿದ್ದು ಲೆಕ್ಕಕ್ಕಿಲ್ಲ, ಮುಚ್ಚಳ ತೆಗೆಯಲು ಹೋದರಂತೂ ಮುಖ ಸುಟ್ಟುಕೊಳ್ಳುತ್ತೀರಿ. ನಿಂತಲ್ಲೇ ಇಳಿದರೆ ಒಂದು ಕಥೆ, ಊರೊಳಗೆ ಓಡಿಸಿದಾಗ ಇಳಿದರೆ ಇನ್ನೊಂದು, ಘಾಟಿ ಹತ್ತಿ ಬಂದ ಮೇಲೆ ಮಾತ್ರ ಇಳಿದರೆ ಮತ್ತೊಂದು. ಈ ಪಟ್ಟಿ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಪ್ರೆಶರ್ ಟೆಸ್ಟ್. ಡಬ್ಬಿಯ ಮುಚ್ಚಳದ ಜಾಗಕ್ಕೆ ಕೈಪಂಪು ಕೂರಿಸಿ, ತಣ್ಣನೆ ಎಂಜಿನ್‌ಗೆ ಒಂದು ಬಾರ್‌ಗಿಂತ (ಒತ್ತಡದ ಅಳತೆ) ಸ್ವಲ್ಪ ಜಾಸ್ತಿ ಒತ್ತಡ ಕೊಟ್ಟು ಬಿಡುವುದು. ಬಹಳ ಗ್ಯಾರೇಜುಗಳಲ್ಲಿ ಹತ್ತು ನಿಮಿಷ ನೋಡಿ ‘ಏನೂ ಇಲ್ಲ ಸರ್’ ಅಂತ ಬಿಚ್ಚಿಬಿಡುತ್ತಾರೆ. ಎರಡು ವಾರಕ್ಕೆ ಕಾಲು ಲೀಟರ್ ಹೋಗುವ ಸೋರಿಕೆ ಹತ್ತು ನಿಮಿಷದಲ್ಲಿ ಎಲ್ಲಿ ಕಾಣಬೇಕು? ರಾತ್ರಿಯಿಡೀ ಬಿಡಲು ಹೇಳಿ. ಬೆಳಿಗ್ಗೆ ಒತ್ತಡ ಬಿದ್ದಿದ್ದರೆ ಟಾರ್ಚ್ ಹಿಡಿದು ಹುಡುಕಿ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಮೊದಲು ಬಿಚ್ಚಿಸಿ. ಹನಿಯೆಲ್ಲ ಅದರ ಮೇಲೇ ಬಿದ್ದು ಒಣಗುತ್ತದೆ, ನೆಲಕ್ಕೆ ಬರುವುದೇ ಇಲ್ಲ.

ನನ್ನ ಗಾಡಿಯಲ್ಲಿ ಸಿಕ್ಕಿದ್ದು ಹೆಡ್‌ನ ಪಕ್ಕ, ಗೇರ್‌ಬಾಕ್ಸ್ ಕಡೆ ಇರುವ ಪ್ಲಾಸ್ಟಿಕ್ ಫ್ಲ್ಯಾಂಜ್‌ನಲ್ಲಿ, ಅಂದರೆ ಕೂಲಂಟ್ ಹೋಸ್‌ಗಳು ಹೆಡ್‌ಗೆ ಸೇರುವ ಜೋಡಣೆಯಲ್ಲಿ. ಟೆಂಪರೇಚರ್ ಸೆನ್ಸರ್ ಕೂರುವುದು ಅಲ್ಲೇ. ಕಣ್ಣಿಗೆ ನೇರ ಕಾಣಲ್ಲ, ಮೊಬೈಲ್ ಕ್ಯಾಮೆರಾ ತೂರಿಸಿ ವಿಡಿಯೊ ಮಾಡಬೇಕು. ಹನಿ ಇರಲಿಲ್ಲ. ಫ್ಲ್ಯಾಂಜ್‌ನ ಅಂಚಿನಿಂದ ಶುರುವಾಗಿ ಗೇರ್‌ಬಾಕ್ಸ್ ಕವಚದ ಮೇಲೆ ಕಿರುಬೆರಳಿನಗಲ ಒಂದು ಪಟ್ಟೆ, ತಿಳಿ ಗುಲಾಬಿ ಬಣ್ಣದ ಪುಡಿ. ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಬಿಸಿಯಾದಾಗ ಒಸರಿದ್ದು ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗಿ, ಬಣ್ಣ ಮಾತ್ರ ಉಳಿದಿತ್ತು. ಹದಿನೈದು ವರ್ಷ ಬಿಸಿ ತಿಂದ ಪ್ಲಾಸ್ಟಿಕ್ ಯಾವ ಕಂಪನಿಯದ್ದಾದರೂ ಸೀಳುತ್ತದೆ. ಹೊಸ ಫ್ಲ್ಯಾಂಜ್, ಹೊಸ ಓ-ರಿಂಗ್ (ರಬ್ಬರ್ ಸೀಲ್), ಅಷ್ಟೇ. ಭಾಗಕ್ಕಿಂತ ಕೂಲಿಯೇ ಜಾಸ್ತಿ, ಕೈ ಹಾಕಲು ಜಾಗವಿಲ್ಲದ ಮೂಲೆ ಅದು.

ಮಂಗಳೂರಿನಿಂದ

ನಮ್ಮ ಗಾಡಿಯಲ್ಲಿ ಸೋರಿದ್ದು ಹೀಟರ್ ಕೋರ್, ಅಂದರೆ ಕಾರಿನ ಒಳಗೆ ಬಿಸಿಗಾಳಿ ಕೊಡುವ ಪುಟ್ಟ ರೇಡಿಯೇಟರ್. ಸೆಕೆ ಊರು, ಹೀಟರ್ ಯಾರು ಹಾಕುತ್ತಾರೆ ಅಂತ ಅದರ ಕಡೆ ಯಾರೂ ನೋಡಿರಲಿಲ್ಲ. ಆದರೆ ಈ ಗಾಡಿಯಲ್ಲಿ ನೀವು ಹೀಟರ್ ಹಾಕಿದರೂ ಹಾಕದಿದ್ದರೂ ಬಿಸಿ ಕೂಲಂಟ್ ಡ್ಯಾಶ್‌ಬೋರ್ಡ್ ಒಳಗಿನ ಆ ಕೋರ್ ಮೂಲಕ ಸದಾ ಹರಿಯುತ್ತಿರುತ್ತದೆ, ಗಾಳಿಯ ದಾರಿಯನ್ನಷ್ಟೇ ಒಂದು ಫ್ಲ್ಯಾಪ್ ಮುಚ್ಚುತ್ತದೆ. ಮಳೆಗಾಲದಲ್ಲಿ ಗಾಜು ಮಬ್ಬಾಗುವುದು ಸಹಜ. ಒರೆಸಿದ ಮೇಲೂ ಎಣ್ಣೆ ಸವರಿದಂಥ ಪೊರೆ ಉಳಿದರೆ, ಒಳಗೆ ಸಿಹಿ ಸಿಹಿ ವಾಸನೆ ಬಂದರೆ, ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜನ್ನು ಟಿಶ್ಯೂ ಪೇಪರ್‌ನಿಂದ ಒತ್ತಿ ನೋಡಿ. ಬರೀ ನೀರಾದರೆ ಎಸಿಯದ್ದು. ಬಣ್ಣ, ಜಿಡ್ಡು ಇದ್ದರೆ ಕೂಲಂಟ್.

ಇನ್ನೊಂದು ವಿಷಯ. ಕೂಲಂಟ್‌ನಲ್ಲಿರುವುದು ಎಥಿಲೀನ್ ಗ್ಲೈಕಾಲ್. ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ್ದನ್ನು ನೀರು ಹಾಕಿ ತೊಳೆದುಬಿಡಿ.

ಚಿಕ್ಕಮಗಳೂರಿನಿಂದ

ನಿಮ್ಮ ಪಟ್ಟಿಯಲ್ಲಿ ‘ಘಾಟಿ ಹತ್ತಿದಾಗ ಮಾತ್ರ’ ಅಂತ ಬಂದರೆ ಮೊದಲು ಡಬ್ಬಿಯ ನೀಲಿ ಮುಚ್ಚಳ ಬದಲಾಯಿಸಿ. ನಾವು ಚಾರ್ಮಾಡಿ ಹತ್ತಿಳಿಯುವವರು, ಎರಡನೇ ಗೇರಿನಲ್ಲಿ ಟರ್ಬೊ ಊದುತ್ತಲೇ ಇರುತ್ತದೆ. ಸಾವಿರ ಮೀಟರ್ ಎತ್ತರದಲ್ಲಿ ಬರೀ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಮುಚ್ಚಳದ ವಾಲ್ವ್ ಸುಮಾರು ಒಂದೂವರೆ ಬಾರ್‌ವರೆಗೆ ಒತ್ತಡ ಹಿಡಿದುಕೊಂಡರೆ 120 ದಾಟಿದರೂ ಕುದಿಯಲ್ಲ. ವಾಲ್ವ್ ಸೋತರೆ ಹಬೆಯಾಗಿ ಹೋಗುತ್ತದೆ, ಸಂಜೆಗೆ ಗುರುತೂ ಇರಲ್ಲ. ಮುಚ್ಚಳದ ಕತ್ತಿನ ಸುತ್ತ ಒಣಗಿದ ಕರೆ ಇದೆಯಾ ನೋಡಿ. ಡಬ್ಬಿಯ ಜೋಡಣೆಯ ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದೂ ಉಂಟು.

ಮ್ಯಾಕ್ಸ್ ಗೆರೆ ಮೀರಿ ತುಂಬಬೇಡಿ, ಹೆಚ್ಚಾದದ್ದನ್ನು ಅದೇ ಹೊರಗೆ ಹಾಕುತ್ತದೆ, ನೀವು ಸೋರಿಕೆ ಅಂದುಕೊಳ್ಳುತ್ತೀರಿ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಈ ಗಾಡಿಗೆ ಗುಲಾಬಿ ಬಣ್ಣದ ಜಿ12 ಜಾತಿಯ ಕೂಲಂಟ್. ಹಳೇ ನೀಲಿ-ಹಸಿರು ಜಾತಿಯದ್ದನ್ನು ಅದಕ್ಕೆ ಬೆರೆಸಿದರೆ ಕಂದು ಕೆಸರಾಗುತ್ತದೆ.

ಮೈಸೂರಿನಿಂದ, ಗ್ಯಾರೇಜ್ ನಡೆಸುವವರೊಬ್ಬರು

ಹೆಡ್ ಗ್ಯಾಸ್ಕೆಟ್ ಅಂತ ಹೇಳುವವರು ತೋರಿಸಬೇಕಾದ್ದು ಇಷ್ಟು. ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷಕ್ಕೇ, ಇನ್ನೂ ಬಿಸಿಯಾಗದೆ, ರೇಡಿಯೇಟರ್‌ನ ಮೇಲಿನ ಹೋಸ್ ಒತ್ತಡಕ್ಕೆ ಕಲ್ಲಿನಂತೆ ಗಟ್ಟಿಯಾಗಬೇಕು. ಡಬ್ಬಿಯ ಬಾಯಿಗೆ ಇಡುವ ಪರೀಕ್ಷೆಯ ನೀಲಿ ದ್ರವ ಹಳದಿಯಾಗಬೇಕು, ಅಂದರೆ ಸಿಲಿಂಡರ್‌ನ ಹೊಗೆ ಕೂಲಂಟ್‌ಗೆ ಬರುತ್ತಿದೆ ಅಂತ. ಅಥವಾ ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಒಂದು ಮಾತ್ರ ಹಬೆಯಲ್ಲಿ ತೊಳೆದಷ್ಟು ಬಿಳಿಯಾಗಿರಬೇಕು. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥದ್ದು ಕಂಡ ಮಾತ್ರಕ್ಕೆ ಹೆದರಬೇಡಿ, ದಿನಾ ಎರಡು ಮೂರು ಕಿ.ಮೀ. ಓಡಿಸುವ ಗಾಡಿಗಳಲ್ಲಿ ಬರೀ ತೇವಕ್ಕೂ ಹಾಗಾಗುತ್ತದೆ.

ನನಗೆ ಇದರಲ್ಲಿ ನಿಜವಾದ ಭಯ ಕೂಲಂಟ್ ತಿರುಗಿಸುವ ವಾಟರ್ ಪಂಪ್‌ದು. ಈ ಎಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವ್‌ಗಳ ತಾಳ ಹೊಂದಿಸುವ ಪಟ್ಟಿ. ಪಂಪ್ ಒಸರಿದರೆ ಬೆಲ್ಟ್‌ನ ಕವರ್ ಒಳಗೇ ಒಸರುತ್ತದೆ, ಹೊರಗಿನಿಂದ ಏನೂ ಕಾಣದು. ಪಂಪ್‌ನ ಬೇರಿಂಗ್ ಹಿಡಿದುಕೊಂಡರೆ ಬೆಲ್ಟ್ ಹೋಗುತ್ತದೆ, ಬೆಲ್ಟ್ ಹೋದರೆ ಪಿಸ್ಟನ್ ಬಂದು ವಾಲ್ವ್‌ಗೆ ಬಡಿಯುತ್ತದೆ. ಇಪ್ಪತ್ತು ವಾಲ್ವ್ ಇರುವ ಹೆಡ್ ಅದು, ಖರ್ಚು ನೀವೇ ಊಹಿಸಿ. ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ದಾಖಲೆ ಇಲ್ಲದಿದ್ದರೆ ಮೇಲಿನ ಕವರ್ ಬಿಚ್ಚಿಸಿ ನೋಡಿ. ಬದಲಾಯಿಸುವಾಗ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ ಆಗಲಿ. ಟರ್ಬೊಗೆ ಹೋಗುವ ಕೂಲಂಟ್ ಪೈಪುಗಳ ತಾಮ್ರದ ವಾಷರ್‌ಗಳನ್ನೂ ನೋಡಿ, ಅಲ್ಲಿ ಸೋರಿದ್ದು ಸುಟ್ಟು ಆವಿಯಾಗುತ್ತದೆ.

ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಯಾರೇ ಕೊಟ್ಟರೂ ಹಾಕಬೇಡಿ. ಬಿರುಕನ್ನು ಮುಚ್ಚುವ ವಸ್ತುವೇ ಹೀಟರ್ ಕೋರ್‌ನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ.

ಹುಬ್ಬಳ್ಳಿಯವರೇ, ಪ್ರೆಶರ್ ಟೆಸ್ಟರ್ ರಾತ್ರಿ ಹಾಕಿಟ್ಟು ಬೆಳಿಗ್ಗೆ ಅದರ ಮುಳ್ಳಿನ ಫೋಟೊ, ಫ್ಲ್ಯಾಂಜ್ ಕಡೆಯ ಒಂದು ವಿಡಿಯೊ ಇಲ್ಲಿ ಹಾಕಿ. ಅಲ್ಲಿಯವರೆಗೆ ದೂರ ಪ್ರಯಾಣ ಬೇಡ, ಡಿಕ್ಕಿಯಲ್ಲಿ ನೀರಿಗೆ ಬೆರೆಸಿದ ಕೂಲಂಟ್ ಒಂದು ಲೀಟರ್ ಇರಲಿ.